ಬಂದೆ ಅಂದವನು

ನಮ್ಮೂರಿನಲ್ಲಿ "ಬರ್ತೀನಿ" ಅನ್ನದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಅದರಲ್ಲೇನು ವಿಶೇಷ, ಹೊರಟವರು "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು, ಇದು ಎಲ್ಲರ ಮನೆಯಲ್ಲೂ ಇರುವುದೇ ಅಂತ ನೀವು ಹೇಳಬಹುದು. ಹೇಳಿ, ನನಗೇನು. ಆದರೆ ನಮ್ಮೂರಿನಲ್ಲಿ ಹಾಗೆ ಹೇಳಿ ಹೋದವರು ಬಂದೇ ಬರುತ್ತಾರೆ. ದಾರಿಯಲ್ಲಿ ಜೀವ ಹೋದರೂ ಬರುತ್ತಾರೆ. ಮನೆಗೆ ಬರಲಾಗುವುದಿಲ್ಲವಲ್ಲ, ಅದಕ್ಕೆ ರಾಜಾಸಾಬಿಯ ಅಂಗಡಿಯಲ್ಲಿರುವ ವಿಡಿಯೋ ಆಟದೊಳಕ್ಕೆ ಬರುತ್ತಾರೆ. ಮನೆಯಲ್ಲಿ ಹಾಸಿಗೆಯ ಮೇಲೆ ಸತ್ತವರು ಬರುವುದಿಲ್ಲ, ಅವರು ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಹೊರಗೆ ಹೋಗಿ ಸತ್ತವರು ಮಾತ್ರ. ಹೇಗೆ, ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನು ಬಸ್ಸು ಓಡಿಸಿಕೊಂಡಿದ್ದವನು, ಕಾಲು ಕೆಟ್ಟ ಮೇಲೆ ಆಟದ ಗಾಡಿ ಓಡಿಸುತ್ತಿದ್ದೇನೆ, ನನ್ನ ವಿದ್ಯೆ ಅಷ್ಟೇ.

ಆಟ ಎಂಥದ್ದು ಅಂದರೆ, ಒಂದು ದೊಡ್ಡ ಪಟ್ಟಣ. ನಮ್ಮಂಥ ಹತ್ತಾರು ಊರು ಅದರೊಳಗೆ ಕಳೆದುಹೋಗಬೇಕು, ಅಷ್ಟು ದೊಡ್ಡದು. ಎಲ್ಲಿಗೆ ಬೇಕಾದರೂ ಹೋಗಬಹುದು. ಇಂಥ ಕಡೆಗೇ ಹೋಗು ಅಂತ ಆಟ ಯಾರನ್ನೂ ಗದರುವುದಿಲ್ಲ. ಅದರ ನಾಯಕ ಬೆನ್ನಿಗೆ ಕರೀ ಬಟ್ಟೆ ಕಟ್ಟಿಕೊಂಡ ಒಬ್ಬ ಶೂರ. ಮಹಡಿಯ ಮೇಲಿಂದ ಹಾರಿದನೆಂದರೆ ಆ ಬಟ್ಟೆ ರೆಕ್ಕೆಯ ಹಾಗೆ ಬಿಚ್ಚಿಕೊಂಡು ಅವನನ್ನು ತೇಲಿಸಿಕೊಂಡು ಹೋಗುತ್ತದೆ. ಆಟ ಮಾಡಿದವರು ಅವನಿಗೆ ಏನೋ ಭಾರೀ ಹೆಸರಿಟ್ಟಿದ್ದಾರೆ. ನಮ್ಮೂರಲ್ಲಿ ಅವನು ಕಂಬಳಿಯಪ್ಪ. ಅವನ ಗಾಡಿಗೆ ನಾವಿಟ್ಟ ಹೆಸರು ಕೋಣ. ಕಪ್ಪಗೆ, ಅಗಲವಾಗಿ, ಮುಂದೆ ಕೊಂಬಿನಂಥ ಎರಡು ಕೊಳವೆ ಇಟ್ಟುಕೊಂಡಿರುವುದನ್ನು ಕೋಣ ಅನ್ನದೆ ಮತ್ತೇನನ್ನಬೇಕು. ಆ ಕೊಳವೆಗಳಿಂದ ಗುಂಡು ಹಾರುತ್ತದೆ. ಪಟ್ಟಣದ ತುಂಬ ಶತ್ರುಗಳ ಗಾಡಿಗಳು ತೋಪು ಹೊತ್ತುಕೊಂಡು ಕಾಯುತ್ತಿರುತ್ತವೆ, ಕೋಣ ಕಂಡ ತಕ್ಷಣ ಏರಿ ಬರುತ್ತವೆ. ಅವನ್ನೆಲ್ಲ ಒಡೆದುಹಾಕಿ ಪಟ್ಟಣವನ್ನು ಉಳಿಸಬೇಕು. ಆಟ ಇರುವುದು ಹಾಗೆ, ಆದರೆ ನಾವು ಹಾಗೆ ಆಡುವುದಿಲ್ಲ.

ಬೀದಿಯಲ್ಲಿ ನಮ್ಮವರು ಓಡಾಡುತ್ತಿರುವಾಗ ಗುಂಡು ಹಾರಿಸುವುದುಂಟೇ? ಕೆಂಪು ದೀಪ ಬಿದ್ದರೆ ನಿಲ್ಲುತ್ತೇವೆ. ತಿರುವಿನಲ್ಲಿ ನಿಧಾನ ಮಾಡುತ್ತೇವೆ. ಶತ್ರುವಿನ ಗಾಡಿ ಕಂಡರೆ ಪಕ್ಕದ ಗಲ್ಲಿಗೆ ಜಾರಿಕೊಳ್ಳುತ್ತೇವೆ, ಸಿಕ್ಕಿಬಿದ್ದರೆ ಪೆಟ್ಟು ತಿನ್ನುತ್ತೇವೆ. ಕೋಣ ಪುಡಿಯಾದರೆ ಪರದೆ ಕಪ್ಪಾಗಿ, ಆಟ ಹಿಂದಿನ ಸೇತುವೆಯಿಂದ ಮತ್ತೆ ಶುರುವಾಗುತ್ತದೆ, ಏನೂ ಆಗಿಲ್ಲ ಅನ್ನುವ ಹಾಗೆ. ಹೊರಗಿನಿಂದ ಬಂದಿದ್ದ ಒಬ್ಬ ನೆಂಟ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಯುದ್ಧದ ಗಾಡಿಯಲ್ಲಿ ಕೂತು ಸಂತೆಗೆ ಹೊರಟವರ ಹಾಗೆ ಹೋಗ್ತೀರಲ್ಲ ಅಂದಿದ್ದ. ಅವನ ಕಡೆಯವರು ಯಾರೂ ಅಲ್ಲಿರಲಿಲ್ಲ, ಅವನಿಗೇನು ಗೊತ್ತು.

ಆಟದ ಮೊದಲಿಗೆ ಮಾತ್ರ ಒಂದು ಪಾಠವಿದೆ. ಅದನ್ನು ಮುಗಿಸದಿದ್ದರೆ ಪಟ್ಟಣದೊಳಕ್ಕೆ ಬಿಡುವುದಿಲ್ಲ. ಅದರಲ್ಲಿ ಶತ್ರುವಿನ ಒಂದು ಗಾಡಿಯನ್ನು ಒಡೆಯಲೇಬೇಕು. ಕಂಬಳಿಯಪ್ಪ ಯಾರ ಜೀವವನ್ನೂ ತೆಗೆಯುವವನಲ್ಲ, ಅದು ಅವನ ವ್ರತ. ಗಾಡಿ ಒಡೆದರೆ ಮೇಲಿನ ಮುಚ್ಚಳ ತೆರೆದುಕೊಂಡು ಒಳಗಿನ ಡ್ರೈವರು ಇಳಿದು ನಡೆದುಹೋಗುತ್ತಾನೆ. ಆ ಗಾಡಿ ಮತ್ತೆಂದೂ ಬರುವುದಿಲ್ಲ. ರಾಜಾಸಾಬಿ ಆಟ ತಂದ ಹೊಸದರಲ್ಲಿ ಆ ಪಾಠ ಮುಗಿಸಿದ್ದ. ಆಮೇಲೆ ನಮ್ಮೂರಿನಲ್ಲಿ ಯಾರೂ ಒಂದು ಗಾಡಿಯನ್ನೂ ಒಡೆದದ್ದಿಲ್ಲ.

ಕೈಯಲ್ಲಿ ಹಿಡಿಯುವ ಆ ರಿಮೋಟು ವಯಸ್ಸಾದವರಿಗೆ ಒಗ್ಗುವುದಿಲ್ಲ. ಅದರ ಮೇಲಿನ ಕಡ್ಡಿ ಮುಂದಕ್ಕೆ ತಳ್ಳಿ ಅಂದರೆ ರಿಮೋಟನ್ನೇ ಮುಂದಕ್ಕೆ ಚಾಚಿ ಕೂರುತ್ತಾರೆ. ಎಡಕ್ಕೆ ಅಂದರೆ ತಾವೇ ಎಡಕ್ಕೆ ವಾಲುತ್ತಾರೆ. ಅದಕ್ಕೇ ನಾನು. ಜಂಬಣ್ಣ ಅಂದರೆ ಆಟದ ಡ್ರೈವರು ಅಂತ ಊರಿಗೆಲ್ಲ ಗೊತ್ತು. ನನ್ನ ಕಡೆಯವರು ಯಾರೂ ಆ ಪಟ್ಟಣದಲ್ಲಿಲ್ಲ. ನಮ್ಮಪ್ಪ, ನಮ್ಮವ್ವ, ನನ್ನ ಹೆಂಡತಿ ಎಲ್ಲರೂ ಮನೆಯಲ್ಲೇ, ನನ್ನ ಕೈಯಲ್ಲಿ ನೀರು ಕುಡಿದೇ ಹೋದರು. ಪುಣ್ಯವಂತ ಅನ್ನುತ್ತಾರೆ. ಇರಬಹುದು. ಒಂದೊಂದು ಸಲ ಆ ಪುಣ್ಯಕ್ಕೆ ಬೆಂಕಿ ಬೀಳಲಿ ಅನ್ನಿಸುತ್ತದೆ.

ಬಂದವರನ್ನು ನೋಡಲು ಹೋದರೂ ಸುಖವಿಲ್ಲ ಅನ್ನಿ. ಅವರಿಗೆ ನಮ್ಮ ಗುರುತು ಹತ್ತುವುದಿಲ್ಲ. ಶೇಷಗಿರಿ ಮೇಷ್ಟ್ರ ಹೆಂಡತಿ ಪದ್ಮಾವತಮ್ಮ ಅಂಚೆ ಕಚೇರಿಗೆ ಹೋಗಿ ಬರ್ತೀನಿ ಅಂದು ಹೋದವರು ಬೀದಿಯಲ್ಲೇ ಕುಸಿದು ಹೋದರು. ಈಗ ಆಟದ ಕಬ್ಬಿಣದ ಸೇತುವೆಯ ಮೇಲೆ, ಕೈಯಲ್ಲೊಂದು ಚೀಲ ಹಿಡಿದು ನಡೆಯುತ್ತಿರುತ್ತಾರೆ. ಮೇಷ್ಟ್ರು ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನನ್ನ ಪಕ್ಕ ಕೂರುತ್ತಾರೆ. ನಾನು ಕೋಣವನ್ನು ಆಕೆಯ ಪಕ್ಕಕ್ಕೇ ತಂದು ಅದೇ ನಡಿಗೆಯಲ್ಲಿ ಓಡಿಸುತ್ತೇನೆ. ಆಕೆ ಒಂದು ಸಲವೂ ಈ ಕಡೆ ತಿರುಗಿದವರಲ್ಲ. ಬದುಕಿದ್ದಾಗಲೂ ಹೀಗೇ, ಬೀದಿಯಲ್ಲಿ ಎದುರಿಗೆ ಸಿಕ್ಕರೆ ನಾಚಿಕೊಂಡು ಗುರುತೇ ಇಲ್ಲದವಳ ಹಾಗೆ ಹೋಗುತ್ತಿದ್ದಳು ಅಂತ ಮೇಷ್ಟ್ರು ನಗುತ್ತಾರೆ. ನಕ್ಕು ಕನ್ನಡಕ ಒರೆಸಿಕೊಳ್ಳುತ್ತಾರೆ.

ಇನ್ನು ದ್ಯಾಮಕ್ಕನ ವಿಷಯ. ದ್ಯಾಮಕ್ಕ ಮಂಡಕ್ಕಿ ಭಟ್ಟಿಯವಳು. ಕಾದ ಮರಳಿನಲ್ಲಿ ಅಕ್ಕಿ ಹಾಕಿ ಅರಳಿಸುವುದು ಅವಳ ಕೆಲಸ. ಗಂಡ ಸತ್ತು ಎಷ್ಟೋ ಕಾಲವಾಗಿತ್ತು, ಇದ್ದವನು ಒಬ್ಬನೇ ಮಗ, ಓಬಳೇಶ. ಊರಾಚೆಯ ಕಲ್ಲುಕ್ವಾರಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಹುಡುಗ ಗಟ್ಟಿಗ, ಮಾತು ಕಡಿಮೆ, ಉಣ್ಣುವುದರಲ್ಲಿ ಮಾತ್ರ ಸಂಕೋಚವಿಲ್ಲ. ಆವತ್ತು ತಟ್ಟೆಗೆ ಮುದ್ದೆ ಹಾಕಿಸಿಕೊಂಡು ಕೂತಿದ್ದಾಗ ಕ್ವಾರಿಯ ಕಡೆಯಿಂದ ಯಾರೋ ಬಂದು ಅವಸರ ಮಾಡಿದರು. ಬಾಯಲ್ಲಿದ್ದ ತುತ್ತು ನುಂಗುತ್ತಲೇ ಎದ್ದು, "ಬಂದೆ ಕಣವ್ವ" ಅಂದು ಹೋದ. ಟಿಪ್ಪರನ್ನು ಹಿಂದಕ್ಕೆ ತೆಗೆಯುವಾಗ ಅಂಚು ಕುಸಿದು, ಗಾಡಿ ನೀರು ತುಂಬಿದ ಹಳೇ ಗುಂಡಿಯೊಳಗೆ ಬಿತ್ತು. ಆ ಗುಂಡಿಯ ತಳ ಕಂಡವರಿಲ್ಲ. ಗಾಡಿಯೂ ಸಿಗಲಿಲ್ಲ, ಹುಡುಗನೂ ಸಿಗಲಿಲ್ಲ. ಮುಖ ನೋಡದೆ, ಮಣ್ಣು ಹಾಕದೆ, ಅವಳು ಬರೀ ನೀರನ್ನು ನೋಡಿಕೊಂಡು ಬಂದಳು.

ಅಳು ಒಂದಿಷ್ಟು ಇಳಿದ ಮೇಲೆ ಅವಳು ರಾಜಾಸಾಬಿಯ ಅಂಗಡಿಗೆ ಬಂದಳು, ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು. ಹುಡುಕೋಣ ಜಂಬಣ್ಣ ಅಂದಳು. ಹುಡುಕಿದೆವು. ಬಸ್ ನಿಲ್ದಾಣ, ಚಹಾದಂಗಡಿಗಳ ಮುಂದೆ, ಹಡಗುಕಟ್ಟೆ, ಸೇತುವೆಗಳ ಕೆಳಗೆ, ಎಲ್ಲ ಕಡೆ. ಕಂಬಳಿಯಪ್ಪನನ್ನು ಮಹಡಿ ಮೇಲಕ್ಕೆ ಹತ್ತಿಸಿ ಮೇಲಿಂದ ತೇಲಿಸಿಕೊಂಡು ಬೀದಿ ಬೀದಿ ನೋಡಿದೆವು. ಊರಿನ ಯಾರ್ಯಾರೋ ಸಿಕ್ಕರು, ಓಬಳೇಶ ಸಿಗಲಿಲ್ಲ. ಜನ ಸುಮ್ಮನಿರುತ್ತಾರೆಯೇ, ಅವನು "ಬರ್ತೀನಿ" ಅಂದಿಲ್ಲವಂತೆ, "ಬಂದೆ" ಅಂದನಂತೆ, ಹಾಗಂದರೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಗುಸುಗುಸು ಶುರುಮಾಡಿದರು. ಮೇಷ್ಟ್ರನ್ನೇ ಕೇಳಿದರು. ಮೇಷ್ಟ್ರು ಬಹಳ ಹೊತ್ತು ಯೋಚಿಸಿ, "ಬಂದೆ" ಅನ್ನುವುದು ಆಗಿಹೋದ ಮಾತು, ಮುಂದೆ ಬರುವವನ ಮಾತಲ್ಲ ಅಂದರು. ಅಂದವರು ದ್ಯಾಮಕ್ಕನ ಮುಖ ನೋಡಿ, ನಾನು ಬಾಯಿ ಬಿಡಬಾರದಿತ್ತು ಅಂತ ಆಮೇಲೆ ನನ್ನ ಹತ್ತಿರ ಪೇಚಾಡಿಕೊಂಡರು.

ದ್ಯಾಮಕ್ಕ ಮಾತ್ರ ಬರುವುದು ಬಿಡಲಿಲ್ಲ. ಒಂದು ಮಧ್ಯಾಹ್ನ ನಾವು ಗಡಿಯಾರದ ಗೋಪುರವಿರುವ ಚೌಕಕ್ಕೆ ಹೋದೆವು. ಅಲ್ಲಿ ಶತ್ರುವಿನ ಒಂದು ಗಾಡಿ ನಿಂತಿತ್ತು. ನಾನು ಪಕ್ಕಕ್ಕೆ ಜಾರಿಕೊಳ್ಳಬೇಕು ಅನ್ನುವಷ್ಟರಲ್ಲಿ ಅದು ನಮ್ಮನ್ನು ಕಂಡಿತು. ಕಂಡದ್ದು ನೇರ ಏರಿ ಬರಲಿಲ್ಲ. ಮೊದಲು ಒಂದು ಮಾರು ಹಿಂದಕ್ಕೆ ಹೋಗಿ, ಆಮೇಲೆ ಮುಂದಕ್ಕೆ ನುಗ್ಗಿತು. ದ್ಯಾಮಕ್ಕ ನನ್ನ ರಟ್ಟೆ ಹಿಡಿದುಕೊಂಡಳು. ಉಗುರು ಚರ್ಮಕ್ಕೆ ಇಳಿಯಿತು. ನನಗೂ ಗುರುತು ಹತ್ತಿತು, ಯಾಕೆಂದರೆ ಊರಿನಲ್ಲಿ ಎಲ್ಲರೂ ಅವನನ್ನು ಆಡಿಕೊಳ್ಳುತ್ತಿದ್ದದ್ದೇ ಅದಕ್ಕೆ. ಓಬಳೇಶ ಯಾವ ಗಾಡಿ ಹತ್ತಿದರೂ ಮೊದಲು ಒಂದಿಷ್ಟು ಹಿಂದಕ್ಕೆ ತೆಗೆದು ಆಮೇಲೆ ಮುಂದಕ್ಕೆ ಬಿಡುತ್ತಿದ್ದ. ಸೈಕಲ್ಲಾದರೂ ಸರಿ, ಕಾಲೂರಿ ಹಿಂದಕ್ಕೆ ಸರಿದೇ ಹತ್ತುತ್ತಿದ್ದ. ನಮ್ಮ ಕೋಣ ಬೆಂಕಿ ಹತ್ತಿ ಉರಿಯಿತು, ಪರದೆ ಕಪ್ಪಾಯಿತು. ದ್ಯಾಮಕ್ಕ ನಗುತ್ತಿದ್ದಳು. ಅವಳ ಮುಖದಲ್ಲಿ ನಗು ಕಂಡು ಎಷ್ಟು ಕಾಲವಾಗಿತ್ತೋ.

"ಬರ್ತೀನಿ ಅಂದೋರು ನಿಧಾನಕ್ಕೆ ನಡ್ಕೊಂಡು ಬರ್ತಾರೆ ಜಂಬಣ್ಣ," ಅಂದಳು. "ಬಂದೆ ಅಂದೋನು ಹಂಗೆ ಬರ್ತಾನಾ? ಓಡೋಡಿ ಬರ್ತಾನೆ."

ಆಮೇಲೆ ಅವಳದು ದಿನಚರಿಯಾಯಿತು. ಭಟ್ಟಿಯ ಬೆಂಕಿ ಆರಿಸಿ, ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬರುವಳು. ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುವಳು. ನಾನು ಗಡಿಯಾರದ ಚೌಕಕ್ಕೆ ಹೋಗಿ ಕೋಣವನ್ನು ನಡುಬೀದಿಯಲ್ಲಿ ನಿಲ್ಲಿಸಬೇಕು, ಎಂಜಿನ್ನೂ ಆರಿಸಿಬಿಡಬೇಕು. ಅವನು ಬರುತ್ತಿದ್ದ. ಹಿಂದಕ್ಕೆ ಸರಿದು, ಮುಂದಕ್ಕೆ ನುಗ್ಗಿ, ತೋಪಿನ ಬಾಯಿ ನಮ್ಮ ಕಡೆಗೆ ತಿರುಗಿಸಿಕೊಂಡು. ಅವಳು ಪರದೆಯ ಕಡೆಗೆ ಬಾಗಿ, ಮೆಲ್ಲಗೆ ಬಾರಪ್ಪ, ಬಿದ್ದೀಯ ಅನ್ನುವಳು. ಗುಂಡು ಬಂದು ತಾಗಿದರೆ, ಮಗ ಬಂದು ಮಡಿಲಿಗೆ ತಲೆ ಗುದ್ದಿದ ಹಾಗೆ ಸುಖಪಡುವಳು. ಬಸ್ಸಿನಲ್ಲಿ ಒಂದು ಗೀರು ಬಿದ್ದರೆ ಊರು ಒಂದು ಮಾಡುತ್ತಿದ್ದವನು ನಾನು. ದಿನಾ ಗಾಡಿ ನಿಲ್ಲಿಸಿಕೊಂಡು ಸುಡಿಸಿಕೊಳ್ಳುವುದೆಂದರೆ ನನಗೆ ಕೈ ಕೈ ಹಿಸುಕಿಕೊಳ್ಳುವ ಹಾಗಾಗುತ್ತಿತ್ತು. ಆದರೂ ನಿಲ್ಲಿಸಿದೆ. ಆ ಮುಖ ನೋಡಿದ ಮೇಲೆ ಆಗುವುದಿಲ್ಲ ಅನ್ನಲು ನನ್ನ ಬಾಯಿಗೆ ಶಕ್ತಿಯಿರಲಿಲ್ಲ.

ಊರಿನಲ್ಲಿ ಒಳಗೊಳಗೇ ಹೊಟ್ಟೆಯುರಿಯೂ ಇತ್ತು. ತಮ್ಮವರು ತಿರುಗಿಯೂ ನೋಡುವುದಿಲ್ಲ, ಅವಳ ಮಗ ಮಾತ್ರ ಕಂಡ ಕೂಡಲೇ ಬರುತ್ತಾನಲ್ಲ ಅಂತ. ಮೇಷ್ಟ್ರು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದವರು, ಪುಣ್ಯ ಮಾಡಿದೀಯ ದ್ಯಾಮಕ್ಕ, ನನ್ನ ಮೇಲೆ ಯಾರಾದರೂ ಹೀಗೆ ಒಂದು ಗುಂಡು ಹಾರಿಸಿದ್ದರೆ ಆಗಿತ್ತು ಅಂದರು. ತಮಾಷೆಗೆ ಅಂದದ್ದಲ್ಲ.

ಹೀಗಿರುವಾಗ ಅವಳ ಕಣ್ಣು ಮಂಜಾಗತೊಡಗಿತು. ಮೊದಲು ಭಟ್ಟಿಯ ಹೊಗೆಯೆಂದುಕೊಂಡಳು. ಪೊರೆ ಬಂದಿರಬೇಕು, ತೆಗೆಸಿದರೆ ಸರಿಹೋಗುತ್ತದೆ ಅಂದರು ಎಲ್ಲರೂ. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಪೊರೆಯಲ್ಲ, ಒಳಗಿನ ನರವೇ ಒಣಗುತ್ತಿದೆ, ಇದಕ್ಕೆ ಮದ್ದಿಲ್ಲ, ಬರುವ ಬೇಸಿಗೆಯ ಹೊತ್ತಿಗೆ ಬೆಳಕು ಕತ್ತಲೆಯಷ್ಟೇ ಗೊತ್ತಾದೀತು ಅಂದರಂತೆ. ಅವಳು ಇದನ್ನೆಲ್ಲ ಬೇರೆ ಯಾರದೋ ಕಣ್ಣಿನ ಸುದ್ದಿ ಹೇಳುವ ಹಾಗೆ ಹೇಳಿದಳು. ಹೇಳಿ, ಆವತ್ತು ಕೋಣ ಸುಟ್ಟು ಪರದೆ ಕಪ್ಪಾದ ಮೇಲೆ, ನನ್ನ ಕಡೆ ತಿರುಗದೆಯೇ, ಅವನ ಗಾಡಿಯನ್ನು ಒಂದು ಸಲ ಒಡೆದುಬಿಡು ಜಂಬಣ್ಣ, ಮುಚ್ಚಳ ತೆರೆದು ಇಳಿದರೆ ಮುಖ ನೋಡಿಕೊಳ್ಳುತ್ತೇನೆ ಅಂದಳು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ತಲೆಗಿಲೆ ಕೆಟ್ಟಿದೆಯಾ ಅಂತ ಬೈದೆ. ಒಡೆದ ಗಾಡಿ ಮತ್ತೆ ಬರುವುದಿಲ್ಲ, ಅದು ಅವಳಿಗೂ ಗೊತ್ತು. ಇಳಿದವನು ಎಲ್ಲಿಗೆ ಹೋಗುತ್ತಾನೋ ಯಾರಿಗೂ ಗೊತ್ತಿಲ್ಲ. ಇರುವ ಒಬ್ಬ ಮಗನನ್ನು ಕೈಯಾರೆ ಎರಡನೇ ಸಲ ಕಳೆದುಕೊಳ್ಳುತ್ತೀಯಾ ಅಂದೆ. ಕಣ್ಣು ಹೋದರೆ ಹೋಗಲಿ, ಕಿವಿ ಇರುತ್ತದಲ್ಲ. ಹಿಂದಕ್ಕೆ ಸರಿಯುವ ಸದ್ದು, ಮುಂದಕ್ಕೆ ನುಗ್ಗುವ ಸದ್ದು ಕೇಳುತ್ತದೆ, ನಾನು ಬದುಕಿರುವ ತನಕ ದಿನಾ ಕರೆದುಕೊಂಡು ಹೋಗುತ್ತೇನೆ, ಕತ್ತಲಾದ ಮೇಲೆ ನಿನಗೆ ಅದೇ ಆಸರೆ ಅಂದೆ. ಮೇಷ್ಟ್ರೂ ಹೇಳಿದರು. ಒಳಗಿರುವವನು ಬೇರೆ ಯಾರದ್ದೋ ಮಗನಾಗಿದ್ದರೆ ಇರುವ ನಂಬಿಕೆಯೂ ಹೋಯಿತಲ್ಲ ತಾಯಿ ಅಂದರು. ರಾಜಾಸಾಬಿ ಅವಳ ಮುಂದೆ ಚಹಾ ಇಟ್ಟು ಹೋದ. ಅವಳು ಎಲ್ಲರ ಮಾತನ್ನೂ ಕೇಳಿ, ಚಹಾ ಕುಡಿದು, ಬರ್ತೀನಿ ಅಂದು ಹೋದಳು. ಆಮೇಲೆ ಅಂಗಡಿಗೆ ಬರಲೇ ಇಲ್ಲ.

ಬಾರದಿದ್ದರೆ ಬಿಡಲಿ ಅಂತ ನಾನೂ ಬಿಗಿದುಕೊಂಡು ಕೂತೆ. ಬೇರೆಯವರನ್ನು ಕೂರಿಸಿಕೊಂಡು ಓಡಿಸಿದೆ. ಗಡಿಯಾರದ ಚೌಕದ ಹತ್ತಿರ ಹೋದಾಗೆಲ್ಲ ಅವನು ನಿಂತಿರುತ್ತಿದ್ದ. ನಾನು ಗಲ್ಲಿಗೆ ಜಾರಿಕೊಂಡರೂ ಅವನು ಹಿಂದಕ್ಕೆ ಸರಿದ ಸದ್ದು ಕಿವಿಗೆ ಬಿದ್ದೇ ಬೀಳುತ್ತಿತ್ತು. ನಾಲ್ಕು ದಿನ ತಡೆದುಕೊಂಡೆ. ಆಮೇಲೆ ಕಾಲೆಳೆದುಕೊಂಡು ಭಟ್ಟಿಗೆ ಹೋದೆ.

ಅವಳು ಒಲೆಯ ಮುಂದೆ ಕೂತಿದ್ದಳು. ಬಲಗೈಗೆ ಬಟ್ಟೆ ಸುತ್ತಿತ್ತು. ಬಾಣಲೆ ಎಲ್ಲಿದೆಯೆಂದು ಸರಿಯಾಗಿ ಕಾಣದೆ ಕಾದ ಮರಳಿಗೆ ಕೈಯಿಟ್ಟಿದ್ದಳಂತೆ. ಅದನ್ನು ನೋಡಿ ನನ್ನ ಕೋಪವೆಲ್ಲ ಇಳಿದುಹೋಯಿತು. ಬೈಯಬೇಕು ಅಂತ ಜೋಡಿಸಿಕೊಂಡು ಹೋಗಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಜಗಲಿಯ ಮೇಲೆ ಕೂತುಕೊಂಡೆ. ಯಾಕಕ್ಕ ಈ ಹಟ, ಸದ್ದು ಸಾಲದಾ ಅಂದೆ.

"ಸದ್ದು ಗಾಡೀದು ಕಣಪ್ಪ, ನನ್ನ ಮಗಂದಲ್ಲ," ಅಂದಳು. ಸ್ವಲ್ಪ ಹೊತ್ತು ಒಲೆಯ ಬೂದಿ ಕೆದಕಿದಳು. "ಅವನ ಮುಖ ನಂಗೆ ಬರ್ತಾ ಇಲ್ಲ ಜಂಬಣ್ಣ. ಮೊದ್ಲು ಕಣ್ಣು ಮುಚ್ಚಿದ್ರೆ ಸಾಕು, ಬರೋನು. ಈಗ ಕಣ್ಣು ಮುಚ್ಚಿದ್ರೆ ಬರೀ ಆ ಗಾಡಿ ಬರ್ತೈತೆ. ನಾಳೆ ಕಣ್ಣೂ ಹೋದ್ಮೇಲೆ, ಸಾಯೋ ಗಂಟ ಆ ಗಾಡೀನೇ ನೋಡ್ಕೊಂಡಿರ್ಲಾ?"

ನಾಳೆ ಮಧ್ಯಾಹ್ನ ಬಾ ಅಂದು ಎದ್ದು ಬಂದೆ.

ಗುಂಡು ಹಾರಿಸುವುದು ನನಗೆ ಗೊತ್ತೇ ಇರಲಿಲ್ಲ. ಯಾವ ಗುಂಡಿ ಒತ್ತಬೇಕು ಅಂತ ರಾಜಾಸಾಬಿಯೇ ತೋರಿಸಿಕೊಟ್ಟ. ಪಟ್ಟಣದ ತುದಿಯಲ್ಲಿ ಜನವಿಲ್ಲದ ಒಂದು ಗೋದಾಮಿನ ಗೋಡೆಗೆ ಹಾರಿಸಿ ಕಲಿತೆ. ಶತ್ರುವಿನ ಗಾಡಿಯ ಬೆನ್ನಿನ ತಗಡು ತೆಳು, ಎದುರಿನಿಂದ ಎಷ್ಟು ಹೊಡೆದರೂ ಪ್ರಯೋಜನವಿಲ್ಲ, ಹಿಂದಕ್ಕೆ ಹೋಗಿ ಹೊಡೆಯಬೇಕು ಅಂದ ಅವನು.

ಮರುದಿನ ದ್ಯಾಮಕ್ಕ ಎಂದಿನ ಹಾಗೆ ಬಂದಳು. ಸ್ಟೂಲನ್ನು ಪರದೆಯ ತೀರಾ ಹತ್ತಿರಕ್ಕೆ ಎಳೆದುಕೊಂಡಳು. ಮೇಷ್ಟ್ರು ಹಿಂದಿನ ಬೆಂಚಿನಲ್ಲಿದ್ದರು. ಅಂಗಡಿಯಲ್ಲಿ ಬೇರೆ ಯಾರೂ ಇರದ ಹಾಗೆ ರಾಜಾಸಾಬಿ ಬಾಗಿಲು ಮುಂದಕ್ಕೆ ಮಾಡಿದ್ದ. ಸೇತುವೆ ಇಳಿದು, ಕೆಂಪು ದೀಪದಲ್ಲಿ ನಿಂತು, ಗಡಿಯಾರದ ಚೌಕಕ್ಕೆ ಬಂದೆವು. ಅವನು ಅಲ್ಲೇ ಇದ್ದ. ನಮ್ಮನ್ನು ಕಂಡು ಒಂದು ಮಾರು ಹಿಂದಕ್ಕೆ ಸರಿದ. ಬಂದ ಅಂದಳು ದ್ಯಾಮಕ್ಕ, ಎಂದಿನ ಹಾಗೆಯೇ.

ಆವತ್ತು ನಾನು ನಿಲ್ಲಲಿಲ್ಲ. ಅವನು ನುಗ್ಗಿ ಬರುತ್ತಿದ್ದಂತೆ ಕೋಣವನ್ನು ಪಕ್ಕಕ್ಕೆ ಎಳೆದೆ. ಅವನ ಗುಂಡು ನಮಗೆ ತಾಗದೆ ಹೋಗಿ ಗೋಪುರದ ಮೆಟ್ಟಿಲಿಗೆ ಬಿತ್ತು. ಅವನು ತಿರುಗಿಸಿದ, ನಾನೂ ತಿರುಗಿಸಿದೆ. ಚೌಕದ ಸುತ್ತ ಇಬ್ಬರೂ ಗಾಣದೆತ್ತಿನ ಹಾಗೆ ಸುತ್ತಿದೆವು. ಹುಡುಗ ಚೆನ್ನಾಗಿ ಓಡಿಸುತ್ತಿದ್ದ. ಇಷ್ಟು ದಿನ ನಿಂತ ಗಾಡಿಗೆ ಹೊಡೆಯುತ್ತಿದ್ದನಲ್ಲ, ಅವನ ಕೈಚಳಕ ನನಗೆ ಗೊತ್ತಾಗಿರಲಿಲ್ಲ. ಒಂದು ತಿರುವಿನಲ್ಲಿ ಮತ್ತೆ ಅದೇ ಅಭ್ಯಾಸ, ಹಿಂದಕ್ಕೆ ಸರಿದ. ಅಷ್ಟು ಸಾಕಾಯಿತು. ಅವನ ಬೆನ್ನು ನನ್ನ ಎದುರಿಗಿತ್ತು. ಗುಂಡಿ ಒತ್ತಿದೆ. ದ್ಯಾಮ‌ಕ್ಕ ಅಯ್ಯೋ, ಮೆಲ್ಲಗೆ ಹೊಡಿ ಅಂದಳು. ಮತ್ತೆ ಒತ್ತಿದೆ. ಹೊಗೆ ಬಂತು, ಗಾಡಿ ನಿಂತುಹೋಯಿತು, ಮೇಲಿನ ಮುಚ್ಚಳ ತೆರೆದುಕೊಂಡಿತು.

ಇಳಿದವನು ಓಬಳೇಶನೇ. ಬೇರೆಯವನಾಗಿರಬಹುದು ಅಂತ ಹೆದರಿದ್ದೆವಲ್ಲ, ಅಲ್ಲ, ಅವನೇ. ತಲೆಗೂದಲಲ್ಲಿ ಕಲ್ಲಿನ ಧೂಳು, ಕೊರಳಿಗೆ ಸುತ್ತಿದ ಟವಲು, ಒಂದು ಕಡೆ ಮಾತ್ರ ಮೇಲಕ್ಕೆ ಮಡಚಿದ ಅಂಗಿಯ ತೋಳು. ಮುಖದ ಮೇಲೆ ಗೋಪುರದ ದೀಪದ ಬೆಳಕು ಬಿದ್ದಿತ್ತು. ದ್ಯಾಮಕ್ಕ ಪರದೆಗೆ ಹಣೆ ತಾಗುವಷ್ಟು ಬಾಗಿ ನೋಡಿದಳು. ಬಟ್ಟೆ ಸುತ್ತಿದ ಕೈಯನ್ನು ಗಾಜಿನ ಮೇಲಿಟ್ಟಳು. ಮೀಸೆ ದಪ್ಪ ಆಗೈತೆ ಅಂದಳು. ಸೊರಗಿಲ್ಲ ಅಂದಳು. ಯಾರಿಗೆ ಹೇಳಿದಳೋ, ನಮಗೋ, ತನಗೋ.

ಓಬಳೇಶ ಗಾಡಿಯಿಂದ ಇಳಿದವನು ಬಟ್ಟೆ ಕೊಡವಿಕೊಂಡ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ನಮ್ಮ ಕೋಣದ ಮೇಲೆ ಅವನ ಕಣ್ಣು ಹಾದುಹೋಯಿತು, ನಿಲ್ಲಲಿಲ್ಲ. ಬೇರೆಯವರೆಲ್ಲ ಹೇಗೋ ಹಾಗೆ. ಬೆನ್ನು ತಿರುಗಿಸಿ ಪೇಟೆಯ ಬೀದಿಯ ಕಡೆಗೆ ನಡೆಯತೊಡಗಿದ. ಇಷ್ಟು ದಿನ ಅವನು ಅವ್ವನನ್ನು ಕಂಡು ಓಡಿ ಬರುತ್ತಿದ್ದದ್ದಲ್ಲ, ಕೋಣವನ್ನು ಕಂಡ ಗಾಡಿ ಏರಿ ಬರುತ್ತಿತ್ತು, ಅಷ್ಟೇ. ಅದು ದ್ಯಾಮಕ್ಕನಿಗೂ ಆ ಕ್ಷಣವೇ ಗೊತ್ತಾಗಿರಬೇಕು. ಓಬಳೇಶ ಅಂತ ಒಂದು ಸಲ ಕರೆದಳು. ಅವನು ನಡೆದೇ ನಡೆದ.

ಹಿಂದೆ ಹೋಗು ಅಂದಳು. ಹೋದೆ. ಅವನು ನಡುರಸ್ತೆಯಲ್ಲೇ ನಡೆಯುತ್ತಿದ್ದ. ಅವನ ನಡಿಗೆಯ ವೇಗಕ್ಕೆ ಕೋಣವನ್ನು ಇಳಿಸಿ ಹಿಂದೆ ಹಿಂದೆ ಹೋದೆವು. ಬಟ್ಟೆಯಂಗಡಿ, ಪಾತ್ರೆಯಂಗಡಿ, ಮುಚ್ಚಿದ ಸಿನಿಮಾ ಮಂದಿರ ಎಲ್ಲ ದಾಟಿದೆವು. ಕಾಣುತ್ತಿದ್ದದ್ದು ಬರೀ ಬೆನ್ನು. ಒಂದ್ಸಲ ತಿರುಗಪ್ಪ, ಒಂದ್ಸಲ ತಿರುಗು ಅಂತ ಅವಳು ಮೆಲ್ಲಗೆ ಅನ್ನುತ್ತಲೇ ಇದ್ದಳು, ಊಟ ಬೇಡವೆನ್ನುವ ಕೂಸನ್ನು ರಮಿಸುವ ಹಾಗೆ. ನಮ್ಮ ಹಿಂದೆ ಆಟದ ಬೇರೆ ಗಾಡಿಗಳು ಸಾಲಾಗಿ ನಿಂತವು. ಬೀದಿ ಮುಗಿದು ಕಬ್ಬಿಣದ ಸೇತುವೆ ಬರುತ್ತಿತ್ತು.

ಆಗ ಅವಳು ನನ್ನ ಕಡೆ ತಿರುಗಿ, ನೆಲಕ್ಕೆ ಒಂದು ಗುಂಡು ಹಾರಿಸು, ಸದ್ದಿಗಾದರೂ ತಿರುಗುತ್ತಾನೆ ಅಂದಳು. ನನ್ನಿಂದ ಆಗಲಿಲ್ಲ. ನಡೆದು ಹೋಗುವವನ ಬೆನ್ನ ಹಿಂದೆ ಹೇಗೆ ಹಾರಿಸಲಿ. ಅದರ ಬದಲು ಹಾರ್ನು ಒತ್ತಿದೆ. ಮೆಲ್ಲಗೆ, ಒಂದೇ ಸಲ.

ಓಬಳೇಶ ತಿರುಗಲಿಲ್ಲ. ನಡೆಯುತ್ತಿದ್ದವನು ರಸ್ತೆಯ ಅಂಚಿಗೆ ಸರಿದ. ಸರಿದು, ಹಿಂದೆ ನೋಡದೆಯೇ ಬಲಗೈಯನ್ನು ಪಕ್ಕಕ್ಕೆ ಚಾಚಿ ಅಂಗೈಯನ್ನು ಮುಂದಕ್ಕೆ ಬೀಸಿದ. ನನಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಬಸ್ಸು ಓಡಿಸುವಾಗ ಲಾರಿಯವರು, ಟಿಪ್ಪರಿನವರು ಎಲ್ಲರೂ ಮಾಡುತ್ತಿದ್ದದ್ದೇ. ದಾರಿ ಬಿಟ್ಟಿದ್ದೇನೆ, ಮುಂದೆ ಹೋಗು ಅಂತ.

ಅವನ ಕೈ ಇನ್ನೂ ಬೀಸುತ್ತಲೇ ಇತ್ತು, ಹಿಂದಿನ ಗಾಡಿ ಯಾಕೆ ಹೋಗುತ್ತಿಲ್ಲ ಅನ್ನುವ ಹಾಗೆ. ನನ್ನ ಹೆಬ್ಬೆರಳು ರಿಮೋಟಿನ ಮೇಲೆ ಮರಗಟ್ಟಿ ಹೋಗಿತ್ತು. ದ್ಯಾಮಕ್ಕ ಆ ಕೈಯನ್ನು ನೋಡುತ್ತಾ ಕೂತಿದ್ದಳು. ಮಗ ದೊಡ್ಡವನಾದ ಮೇಲೆ ಅವನ ಕೈಯನ್ನು ಅವಳು ಅಷ್ಟು ಹೊತ್ತು ನೋಡಿದ್ದಳೋ ಇಲ್ಲವೋ.

"ದಾರಿ ಬಿಟ್ಟವ್ನೆ, ನಡಿ," ಅಂದಳು.

ಇನ್ನೂ ಸ್ವಲ್ಪ ಹೊತ್ತು ಇರೋಣ ಅಕ್ಕ ಅಂದೆ.

"ಬ್ಯಾಡ. ದಾರಿ ಬಿಟ್ಟೋರನ್ನ ಕಾಯಿಸಬಾರ್ದು," ಅಂದಳು. ಬಟ್ಟೆ ಸುತ್ತಿದ ಕೈಯನ್ನು ನನ್ನ ಕೈಯ ಮೇಲಿಟ್ಟು, ನನ್ನ ಹೆಬ್ಬೆರಳನ್ನು ತಾನೇ ಮುಂದಕ್ಕೆ ಒತ್ತಿದಳು.

ಕೋಣ ಮುಂದಕ್ಕೆ ಸರಿಯಿತು. ಅವನ ಪಕ್ಕದಲ್ಲಿ ಹಾದುಹೋಗುವಾಗ ಮುಖ ಒಂದು ಗಳಿಗೆ ನಮ್ಮ ಪಕ್ಕಕ್ಕೇ ಬಂತು. ಹುಬ್ಬು, ಮೂಗು, ದಪ್ಪ ಮೀಸೆ, ಗಲ್ಲದ ಮೇಲಿನ ಧೂಳು. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಅವನು ಹಿಂದಾದ. ಗಾಡಿಯ ಕನ್ನಡಿಯಲ್ಲಿ ಅವನು ಮತ್ತೆ ನಡುರಸ್ತೆಗೆ ಬಂದು ನಡೆಯುವುದು ಕಾಣುತ್ತಿತ್ತು. ನಾನು ಆ ಕಡೆಗೆ ನೋಡಿದ್ದನ್ನು ಅವಳು ಹೇಗೆ ಕಂಡಳೋ, ಕನ್ನಡಿ ನೋಡಬೇಡ ಜಂಬಣ್ಣ, ಮುಂದೆ ನೋಡಿ ಓಡಿಸು ಅಂದಳು. ಅಂದವಳು ಸ್ಟೂಲಿನ ಮೇಲೆಯೇ ಮುದುಡಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಮೇಷ್ಟ್ರು ಎದ್ದು ಬಂದು ಅವಳ ಹಿಂದೆ ನಿಂತರು.

ನಿಲ್ಲಿಸಲೇ ಅಂತ ನಾನು ಕೇಳಿದೆ. ಬೇಡ ಅಂತ ಕೈ ಆಡಿಸಿದಳು. ನಾನು ಓಡಿಸಿದೆ. ಸೇತುವೆ ದಾಟಿ, ಹಡಗುಕಟ್ಟೆ ಸುತ್ತಿ, ಗೋದಾಮುಗಳ ಹಿಂದಿನ ರಸ್ತೆ ಹಿಡಿದು, ಮತ್ತೆ ಗಡಿಯಾರದ ಚೌಕಕ್ಕೆ ಬಂದೆವು. ಚೌಕ ಖಾಲಿಯಿತ್ತು. ಕೋಣವನ್ನು ನಡುಬೀದಿಯಲ್ಲಿ ನಿಲ್ಲಿಸಿ ಎಂಜಿನ್ನು ಆರಿಸಿದೆ. ಬಹಳ ಹೊತ್ತು ನಿಂತಿದ್ದೆವು. ಯಾರೂ ನಮ್ಮ ಮೇಲೆ ಏರಿ ಬರಲಿಲ್ಲ.